ಅದೇ 36% ವೋಟು, ಸೀಟು 104ರಿಂದ 66ಕ್ಕೆ ಹೆಂಗೆ ಇಳೀತು? ಕರ್ನಾಟಕ ಪೂರ್ತಿ ಗೆಲ್ಲೋಕೆ ಒಂದೇ ಪ್ಲಾನ್ ಸಾಕಾಗುತ್ತಾ?

ಬಯಲುಸೀಮೆ ಹುಡುಗ (ಪ್ರಶ್ನೆ):

ಎಲ್ರಿಗೂ ನಮಸ್ಕಾರ. ಹಳೇ ಎಲೆಕ್ಷನ್ ನಂಬರ್‌ಗಳನ್ನ ಪಕ್ಕಪಕ್ಕ ಇಟ್ಕೊಂಡು ನೋಡ್ತಾ ಇದ್ದೆ, ಒಂದು ವಿಷಯ ಬಗೆಹರೀತಾ ಇಲ್ಲ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. 2018ರಲ್ಲಿ ಬಿಜೆಪಿಗೆ ಸುಮಾರು 36% ವೋಟು ಬಂದು 104 ಸೀಟು ಸಿಕ್ತು. 2023ರಲ್ಲೂ ಹೆಚ್ಚುಕಮ್ಮಿ ಅದೇ 36%, ಆದ್ರೆ ಸೀಟು 66. ವೋಟು ಕಳ್ಕೊಂಡಿಲ್ಲ, 38 ಸೀಟು ಕಳ್ಕೊಂಡ್ರು. ಕಾಂಗ್ರೆಸ್ 38%ರಿಂದ 43%ರ ಹತ್ರ ಹೋಗಿದ್ದಕ್ಕೆ 80ರಿಂದ 135. ಜೆಡಿಎಸ್ 18%ರಿಂದ 13%ಗೆ ಇಳಿದು 37 ಇದ್ದಿದ್ದು 19 ಆಯ್ತು. 2008 ನೋಡಿದ್ರೆ ಇನ್ನೂ ಗೊಂದಲ, ಆಗ ಕಾಂಗ್ರೆಸ್‌ಗೆ ಬಿಜೆಪಿಗಿಂತ ಒಂಚೂರು ಜಾಸ್ತಿನೇ ವೋಟು ಬಿದ್ದಿತ್ತು ಆದ್ರೆ ಬಿಜೆಪಿ 110, ಕಾಂಗ್ರೆಸ್ 80.

ಟಿವೀಲಿ ಕೂತು ಮಾತಾಡೋರು ಅಲೆ ಇತ್ತು, ಆಡಳಿತ ವಿರೋಧಿ ಇತ್ತು, ಜಾತಿ ಲೆಕ್ಕ ಅಂತ ಮೂರು ಮಾತಲ್ಲಿ ಮುಗಿಸ್ತಾರೆ. 1985ರಲ್ಲಿ ಹೆಗಡೆ ಅವ್ರ ಜನತಾ ಪಕ್ಷ ಗೆದ್ದಿದ್ದೇ ಕೊನೆ, ಆಮೇಲೆ ಇದ್ದ ಸರ್ಕಾರ ಯಾವುದೂ ಮತ್ತೆ ಗೆದ್ದು ಬಂದಿಲ್ಲ ಅನ್ನೋದು ಗೊತ್ತು. ಆದ್ರೆ ನನ್ನ ಪ್ರಶ್ನೆ ಬೇರೆ. ಒಂದು ಪಕ್ಷ, ಯಾವ್ದೇ ಪಕ್ಷ ಇರ್ಲಿ, 224 ಕ್ಷೇತ್ರನೂ ಕಣ್ಣಮುಂದೆ ಇಟ್ಕೊಂಡು ಪ್ಲಾನ್ ಮಾಡ್ಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು? ಯಾರಿಗೆ ಬೈಯೋಕೂ ಅಲ್ಲ ಹೊಗಳೋಕೂ ಅಲ್ಲ ಕೇಳ್ತಿರೋದು, ನಿಜವಾಗ್ಲೂ ಅರ್ಥ ಮಾಡ್ಕೋಬೇಕು ಅಂತ.

ಎಣಿಕೆ ಟೇಬಲ್:

ಒಳ್ಳೇ ಪ್ರಶ್ನೆ. ಬೂತ್ ಏಜೆಂಟ್ ಆಗಿ, ಎಣಿಕೆ ಏಜೆಂಟ್ ಆಗಿ ಕೂತು ಅಭ್ಯಾಸ ಇದೆ ನನಗೆ, ಯಾವ ಪಕ್ಷ ಅಂತ ಇಲ್ಲಿ ಬೇಡ.

ಮೊದ್ಲು ಆ ರಾಜ್ಯದ ಸರಾಸರಿ 36% ಅನ್ನೋದನ್ನ ಪಕ್ಕಕ್ಕಿಡಿ, ಅದು ಯಾರಿಗೂ ಉಪಯೋಗಕ್ಕೆ ಬರಲ್ಲ. ವೋಟು ಎಲ್ಲಿ ಏರಿತು ಎಲ್ಲಿ ಇಳೀತು ಅನ್ನೋದೇ ಕಥೆ. ಕಿತ್ತೂರು ಕರ್ನಾಟಕದ ಆರು ಜಿಲ್ಲೆ ತಗೊಳ್ಳಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಧಾರವಾಡ, ಹಾವೇರಿ, ಒಟ್ಟು 50 ಸೀಟು. 2018ರಲ್ಲಿ ಅಲ್ಲಿ ಬಿಜೆಪಿ 30 ಕಾಂಗ್ರೆಸ್ 17. 2023ರಲ್ಲಿ ಕಾಂಗ್ರೆಸ್ 33 ಬಿಜೆಪಿ 16. ಪೂರ್ತಿ ತಿರುಗಿಬಿಡ್ತು. ಅಲ್ಲಿ ಹೆಚ್ಚಿನ ಕಡೆ ನೇರ ಸ್ಪರ್ಧೆ, ಜೆಡಿಎಸ್ ಲೆಕ್ಕಕ್ಕೆ ಬರೋ ಕ್ಷೇತ್ರ ಕಮ್ಮಿ, ಹಂಗಾಗಿ ನೂರರಲ್ಲಿ ಮೂರ್ನಾಲ್ಕು ಜನ ಆ ಕಡೆಯಿಂದ ಈ ಕಡೆ ಬಂದ್ರೂ ಅಂತರ ಆರರಿಂದ ಎಂಟು ಪರ್ಸೆಂಟ್ ಬದಲಾಗುತ್ತೆ, ಸಾಲುಸಾಲು ಸೀಟು ಉರುಳ್ತವೆ.

ಈಗ ಹಳೇ ಮೈಸೂರು ಕಡೆ ಬನ್ನಿ. ಅಲ್ಲಿ ಬಿಜೆಪಿ ವೋಟು 2023ರಲ್ಲಿ ಏರಿತು, ಇದನ್ನ ಬಹಳ ಜನ ಗಮನಿಸಲ್ಲ. ಏರಿದ್ರೂ ಪ್ರಯೋಜನ ಆಗಲಿಲ್ಲ, ಯಾಕಂದ್ರೆ ಮೂರನೇ ಸ್ಥಾನದಲ್ಲಿರೋ ಪಕ್ಷಕ್ಕೆ ಐದಾರು ಸಾವಿರ ವೋಟು ಜಾಸ್ತಿ ಬಂದ್ರೆ ಅದು ಮೂರನೇ ಸ್ಥಾನದಲ್ಲೇ ಇರುತ್ತೆ. ಅದೇ ಹೊತ್ತಿಗೆ ಜೆಡಿಎಸ್‌ನಿಂದ ಜಾರಿದ ವೋಟಲ್ಲಿ ದೊಡ್ಡ ಪಾಲು ಕಾಂಗ್ರೆಸ್‌ಗೆ ಹೋಯ್ತು, ಮುಸ್ಲಿಂ ವೋಟು ಒಂದೇ ಕಡೆ ನಿಂತಿದ್ದು ಒಂದು, ಡಿ.ಕೆ. ಶಿವಕುಮಾರ್ ಅವ್ರು ರಾಜ್ಯ ಕಾಂಗ್ರೆಸ್ (ಕೆಪಿಸಿಸಿ) ಅಧ್ಯಕ್ಷರಾಗಿ ತಮ್ಮದೇ ಸಮುದಾಯದ ಒಕ್ಕಲಿಗರ ಹತ್ರ ನನಗೂ ಒಂದು ಅವಕಾಶ ಕೊಡಿ ಅಂತ ಕೇಳಿದ್ದು ಇನ್ನೊಂದು. ಮಂಡ್ಯ ಜಿಲ್ಲೆಯ 7ಕ್ಕೆ 7 ಜೆಡಿಎಸ್ ಗೆದ್ದಿತ್ತು 2018ರಲ್ಲಿ. 2023ರಲ್ಲಿ ಕಾಂಗ್ರೆಸ್ 5, ಜೆಡಿಎಸ್ 1, ಮೇಲುಕೋಟೆಯಲ್ಲಿ ಕಾಂಗ್ರೆಸ್ ಬೆಂಬಲದ ಸರ್ವೋದಯ ಕರ್ನಾಟಕ ಪಕ್ಷ.

ಅಂದ್ರೆ ಬಿಜೆಪಿಗೆ ಸೀಟು ಕೊಡೋ ಜಾಗದಲ್ಲಿ ವೋಟು ಇಳೀತು, ಸೀಟು ಕೊಡದ ಜಾಗದಲ್ಲಿ ಏರಿತು, ಕೂಡಿದ್ರೆ ಅದೇ 36. ಬೆಂಗಳೂರು ಒಂದೇ ಇದಕ್ಕೆ ಹೊರತು, ನಗರದ 28ರಲ್ಲಿ ಬಿಜೆಪಿ 11 ಇದ್ದಿದ್ದು 16ಕ್ಕೆ ಹೋಯ್ತು.

ಪ್ಲಾನ್ ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳಿದ್ರಲ್ಲ, ನನ್ನ ಪ್ರಕಾರ ಫಾರ್ಮ್ 20ರಿಂದ. ಪ್ರತಿ ಬೂತಲ್ಲಿ ಯಾರಿಗೆ ಎಷ್ಟು ಬಿತ್ತು ಅನ್ನೋದು ಅದ್ರಲ್ಲಿ ಇರುತ್ತೆ, ಸಾರ್ವಜನಿಕ ದಾಖಲೆ ಅದು. ಹಿಂದಿನ ಮೂರು ಚುನಾವಣೆದು ತೆಗೆದು ಬೂತ್‌ಗಳನ್ನ ವಿಂಗಡಿಸ್ತಾರೆ, ಯಾವಾಗ್ಲೂ ನಮ್ದು, ಯಾವಾಗ್ಲೂ ಅವ್ರದ್ದು, ಅತ್ತಿತ್ತ ಹೋಗೋದು ಅಂತ. ದುಡ್ಡು, ಜನ, ನಾಯಕರ ಸಮಯ ಈ ಅತ್ತಿತ್ತ ಹೋಗೋ ಬೂತ್‌ಗೆ ಹೋಗ್ಬೇಕು. ಆದ್ರೆ ನಡೆಯೋದು ಉಲ್ಟಾ, ಅಭ್ಯರ್ಥಿ ಎಲ್ಲಿ ಹಾರ ಜಾಸ್ತಿ ಬೀಳುತ್ತೋ ಅಲ್ಲೇ ಸುತ್ತುತ್ತಿರ್ತಾರೆ. ಜಯನಗರದಲ್ಲಿ 2023ರಲ್ಲಿ ಬಿಜೆಪಿ ಗೆದ್ದಿದ್ದು 16 ವೋಟಲ್ಲಿ, ಗಾಂಧಿನಗರದಲ್ಲಿ ಕಾಂಗ್ರೆಸ್ ಗೆದ್ದಿದ್ದು 105ರಲ್ಲಿ. ಒಂದೇ ಒಂದು ಬೀದೀಲಿ ವೋಟರ್ ಸ್ಲಿಪ್ ಸರಿಯಾಗಿ ತಲುಪಿದ್ರೆ ಬದಲಾಗೋ ಫಲಿತಾಂಶ ಇವು.

ದೊಡ್ಡ ಹೆಸರನ್ನ ಎದುರಾಳಿ ಕೋಟೆಗೆ ಕಳ್ಸೋ ತಂತ್ರದ ಬಗ್ಗೆನೂ ಒಂದು ಮಾತು. 2023ರಲ್ಲಿ ಬಿಜೆಪಿಯವ್ರು ಆರ್. ಅಶೋಕ್ ಅವ್ರನ್ನ ಶಿವಕುಮಾರ್ ಅವ್ರ ಕನಕಪುರಕ್ಕೆ, ವಿ. ಸೋಮಣ್ಣ ಅವ್ರನ್ನ ಸಿದ್ದರಾಮಯ್ಯ ಅವ್ರ ವರುಣಾಕ್ಕೆ ಕಳ್ಸಿದ್ರು. ಎರಡೂ ಕಡೆ ಸೋಲಾಯ್ತು, ಸೋಮಣ್ಣ ಅವ್ರು ತಾವು ನಿಂತಿದ್ದ ಇನ್ನೊಂದು ಕ್ಷೇತ್ರ ಚಾಮರಾಜನಗರದಲ್ಲೂ ಸೋತ್ರು. ಎದುರಾಳಿ ನಾಯಕನ್ನ ಅವ್ರ ಕ್ಷೇತ್ರದಲ್ಲೇ ಕಟ್ಟಿಹಾಕ್ಬೇಕು ಅನ್ನೋ ಲೆಕ್ಕ ಪೇಪರ್ ಮೇಲೆ ಚೆನ್ನಾಗಿದೆ, ಆದ್ರೆ ಅಲ್ಲಿ ಬೂತಲ್ಲಿ ಕೂರೋಕೆ ಜನ ಇಲ್ದೆ ಇದ್ರೆ ನಮ್ಮ ನಾಯಕರೇ ಕಟ್ಟಿಹಾಕಿಸ್ಕೊಂಡಂಗೆ ಆಗುತ್ತೆ.

ಕೃಷ್ಣಾ ಮೇಲ್ದಂಡೆ:

ಎಣಿಕೆ ಟೇಬಲ್ ಸರ್ ಬರೆದಿದ್ದು ಖರೇ ಐತಿ, ಆದ್ರ ನಮ್ಮ ಕಡೆ ವೋಟು ಯಾಕ ತಿರುಗಿತು ಅನ್ನೋದು ಅವ್ರು ಹೇಳಿಲ್ಲ, ಅದನ್ನ ನಾ ಹೇಳ್ತೀನಿ ನೋಡ್ರಿ.

ಲಿಂಗಾಯತರು ಅಂದ್ರ ಒಂದ ಗಂಟು, ಅದು ಕೆಳಗ ಬಿಚ್ಚಂಗಿಲ್ಲ ಅಂತ ಬೆಂಗಳೂರಾಗ ಕುಂತವ್ರು ತಿಳ್ಕೊಂಡಾರ. ಹಂಗಿಲ್ರಿ. ಲಿಂಗಾಯತ ನಾಯಕ ವೀರೇಂದ್ರ ಪಾಟೀಲರು ಇದ್ದಾಗ 1989ರಾಗ ಕಾಂಗ್ರೆಸ್ 178 ಗೆದ್ದಿತ್ತು, ಅವ್ರಿಗೆ ಆರಾಮ ಇಲ್ದಾಗ 1990ರಾಗ ಮುಖ್ಯಮಂತ್ರಿ ಕುರ್ಚಿಯಿಂದ ಇಳಿಸಿದ್ರು, ಮುಂದ 1994ರಾಗ ಅದ ಕಾಂಗ್ರೆಸ್ 34ಕ್ಕ ಬಂತು. ಅದ ಒಂದ ಕಾರಣ ಅಂತ ನಾ ಅನ್ನಂಗಿಲ್ಲ, ಆದ್ರ ನಮ್ಮ ಹಿರಿಯರು ಇವತ್ತಿಗೂ ಅದನ್ನ ಮರೆತಿಲ್ಲ. ಯಡಿಯೂರಪ್ಪನವ್ರು ಬಿಜೆಪಿ ಬಿಟ್ಟು ಕೆಜೆಪಿ ಅನ್ನೋ ಪಕ್ಷ ಕಟ್ಕೊಂಡು 2013ರಾಗ ಚುನಾವಣೆಗೆ ನಿಂತಾಗ ಅವ್ರಿಗೆ ಬಂದಿದ್ದು 6 ಸೀಟು ಅಷ್ಟ, ಆದ್ರ ಹತ್ತರ ಹತ್ರ ಪರ್ಸೆಂಟ್ ವೋಟು ಕಿತ್ಕೊಂಡ್ರು, ಬಿಜೆಪಿ 40ಕ್ಕ ನಿಂತ್ತು. ಮುಂದ ಅವ್ರು ಬಿಜೆಪಿಗೆ ವಾಪಸ್ ಬಂದು ಮುಖ್ಯಮಂತ್ರಿ ಆದ್ರು, 2021ರ ಜುಲೈದಾಗ ಅವ್ರನ್ನ ಇಳಿಸಿ ಬೊಮ್ಮಾಯಿಯವ್ರನ್ನ ತಂದ್ರು, ಅವ್ರೂ ಲಿಂಗಾಯತರ, ಲೆಕ್ಕ ಸರಿಹೋತು ಅಂದ್ಕೊಂಡ್ರು. ಜಾತಿ ಅದ ಇದ್ರ ಸಾಕು, ಮನುಷ್ಯಾ ಯಾರಿದ್ರೂ ನಡೀತೈತಿ ಅನ್ನೋ ಲೆಕ್ಕ ಅದು, ಅಲ್ಲೇ ತಪ್ಪಿದ್ದು. ಅದ್ರ ಮ್ಯಾಲೆ ಟಿಕೆಟ್ ಹಂಚೋ ಮುಂದ 70ಕ್ಕೂ ಹೆಚ್ಚು ಹೊಸಬ್ರಿಗೆ ಕೊಟ್ರು, ಬಿಜೆಪಿಯ ಹಿರಿಯ ಲಿಂಗಾಯತ ನಾಯಕರು ಶೆಟ್ಟರ್, ಸವದಿ ಕಾಂಗ್ರೆಸ್‌ಗೆ ಹೋದ್ರು. ಶೆಟ್ಟರ್ ಸ್ವತಃ ಸೋತ್ರು, ಸವದಿ ಅಥಣಿ ಗೆದ್ರು, ಅದು ಬ್ಯಾರೆ ಮಾತು, ಆದ್ರ ಸುತ್ತಲಿನ ಕ್ಷೇತ್ರಕ್ಕ ಹೋದ ಸಂದೇಶ ಒಂದ ಇತ್ತು.

ಮೀಸಲಾತಿ ವಿಷಯನೂ ಹಂಗ. ಲಿಂಗಾಯತರೊಳಗಿನ ಪಂಚಮಸಾಲಿಗಳು ಹಿಂದುಳಿದವರ ಮೀಸಲಾತಿ ಪಟ್ಟಿಯ 2ಎ ಕೇಳಿ 2021ರಾಗ ಕೂಡಲಸಂಗಮದಿಂದ ಬೆಂಗಳೂರು ತನಕ ನಡ್ಕೊಂಡು ಹೋದ್ರು. ಬೊಮ್ಮಾಯಿ ಸರ್ಕಾರ 2023ರ ಮಾರ್ಚ್‌ದಾಗ, ಚುನಾವಣೆ ಬಾಗಿಲಿಗೆ ಬಂದಾಗ, ಮುಸ್ಲಿಮರ 2ಬಿ 4% ತಗದು ಒಕ್ಕಲಿಗರಿಗೆ 2% ಲಿಂಗಾಯತರಿಗೆ 2% ಅಂತ ಹಂಚ್ತು. ಪಂಚಮಸಾಲಿಗಳು ಕೇಳಿದ್ದು 2ಎ, ಕೊಟ್ಟಿದ್ದು ಲಿಂಗಾಯತರಿಗಂತ ಮಾಡಿದ ಹೊಸ 2ಡಿ. ಅದ ವಾರದಾಗ ಎಸ್‌ಸಿ ಒಳಮೀಸಲಾತಿ ಶಿಫಾರಸು ಮಾಡಿದ್ರು, ಎಸ್‌ಸಿ ಒಳಗಿನ ಎಡಗೈ ಸಮುದಾಯ ದಶಕಗಳಿಂದ ಕೇಳ್ತಿದ್ದ ನ್ಯಾಯದ ಬೇಡಿಕೆ ಅದು, ನಾನೂ ಒಪ್ತೀನಿ, ಆದ್ರ ಅದ ಎಸ್‌ಸಿ ಪಟ್ಟಿಯ ಬಂಜಾರ, ಭೋವಿ ಸಮಾಜದ ಜೊತಿ ಕುಂತು ಮಾತಾಡದ ಮಾಡಿದ್ರು, ಶಿಕಾರಿಪುರದಾಗ ಯಡಿಯೂರಪ್ಪನವ್ರ ಮನಿ ಮುಂದ ಕಲ್ಲು ಬಿದ್ವು. ಎಲ್ಲಾರಿಗೂ ಒಂದ ತಿಂಗಳದಾಗ ಕೊಡ್ತೀನಿ ಅಂತ ಹೊಂಟ್ರ ಪಡೆದವ್ರಿಗೆ ನಂಬಿಕಿ ಬರಂಗಿಲ್ಲ, ಕಳ್ಕೊಂಡವ್ರಿಗೆ ಸಿಟ್ಟು ಮಾತ್ರ ಪಕ್ಕಾ ಬರ್ತೈತಿ.

ಕಲ್ಯಾಣ ಕರ್ನಾಟಕದ 41ರಾಗ ಕಾಂಗ್ರೆಸ್ 26 ತಗೊಂಡ್ತು. ಆ ಭಾಗಕ್ಕ ನೌಕರಿ, ಕಾಲೇಜು ಸೀಟಿನಾಗ ಮೀಸಲಾತಿ ಕೊಡೋ ಸಂವಿಧಾನದ 371(ಜೆ) ತಂದವ್ರು ನಾವು ಅನ್ನೋ ಕಾಂಗ್ರೆಸ್‌ನವ್ರ ಮಾತು ಅಲ್ಲಿ ನಡೀತೈತಿ, ನೌಕರಿ, ಮೆಡಿಕಲ್ ಸೀಟು ಸಿಕ್ಕ ಹುಡುಗರು ಮನಿಮನಿಯಾಗ ಅದಾರ. ಖರ್ಗೆಯವ್ರು ಎಐಸಿಸಿ ಅಧ್ಯಕ್ಷರಾಗಿದ್ದೂ ಕೂಡಿತು. ರಾಜ್ಯದ 15 ಎಸ್‌ಟಿ ಮೀಸಲು ಕ್ಷೇತ್ರದಾಗ 14 ಕಾಂಗ್ರೆಸ್, 1 ಜೆಡಿಎಸ್, ಬಿಜೆಪಿಗೆ ಒಂದೂ ಇಲ್ಲ. ಎಸ್‌ಟಿ ಮೀಸಲಾತಿ 3ರಿಂದ 7%ಗೆ ಏರಿಸಿದ ಸರ್ಕಾರಕ್ಕ ಹಿಂಗಾತು ಅಂದ್ರ, ಕೊಟ್ಟಿದ್ದಷ್ಟ ಸಾಲಂಗಿಲ್ಲ, ಯಾವಾಗ ಕೊಟ್ರಿ ಹೆಂಗ ಕೊಟ್ರಿ ಅನ್ನೋದನ್ನೂ ಜನ ನೋಡ್ತಾರ.

ಮನೆಯಾಕೆ:

ನೀವೆಲ್ಲ ಜಾತಿ, ಬೂತು, ಟಿಕೆಟ್ ಅಂತ ಇಷ್ಟುದ್ದ ಬರೆದ್ರಿ, ವೋಟರ್‌ಗಳಲ್ಲಿ ಅರ್ಧ ಇರೋ ನಮ್ಮ ಸುದ್ದಿನೇ ಇಲ್ವಲ್ಲ. ನನಗೆ ಇದು ನಿಜಕ್ಕೂ ಬೇಜಾರಾಗೋ ವಿಷಯ.

ಕಾಂಗ್ರೆಸ್‌ನ ಐದು ಗ್ಯಾರಂಟಿ ಬಗ್ಗೆ ಮಾತಾಡುವಾಗೆಲ್ಲ ಬಿಟ್ಟಿ ಅಂದ್ಬಿಟ್ರೆ ಚರ್ಚೆ ಮುಗೀತು ಅನ್ಕೋತಾರೆ. ಖಜಾನೆಗೆ ಹೊರೆ ಆಗುತ್ತಾ ಇಲ್ವಾ ಅನ್ನೋದು ನ್ಯಾಯವಾದ ಪ್ರಶ್ನೆ, ಕೇಳ್ಲೇಬೇಕು. ಆದ್ರೆ ತಂತ್ರ ಅಂತ ನೋಡೋದಾದ್ರೆ ಅದ್ರಲ್ಲಿ ಬಹಳ ಕಲಿಯೋದಿದೆ. ದಿನಾಂಕ ಗಮನಿಸಿ. 200 ಯೂನಿಟ್ ಕರೆಂಟು ಫ್ರೀ ಅಂತ 2023ರ ಜನವರಿಯಲ್ಲಿ ಬೆಳಗಾವಿಯಲ್ಲಿ ಹೇಳಿದ್ರು. ಮನೆಯೊಡತಿಗೆ ತಿಂಗಳಿಗೆ 2000 ಅಂತ ಅದೇ ತಿಂಗಳು ಬೆಂಗಳೂರಲ್ಲಿ. ಆಮೇಲೆ 10 ಕೆಜಿ ಅಕ್ಕಿ, ಮಾರ್ಚ್‌ನಲ್ಲಿ ಕೆಲಸ ಸಿಗದ ಪದವೀಧರರಿಗೆ ಭತ್ಯೆ ಕೊಡೋ ಯುವನಿಧಿ, ಏಪ್ರಿಲ್‌ನಲ್ಲಿ ಹೆಂಗಸರಿಗೆ ಫ್ರೀ ಬಸ್ ಪ್ರಯಾಣ. ಒಂದೊಂದೇ ಬಿಟ್ರು, ಪ್ರತಿಯೊಂದಕ್ಕೂ ಮಾತಾಡೋಕೆ ಟೈಮ್ ಸಿಕ್ತು, ಸಿದ್ದರಾಮಯ್ಯ, ಶಿವಕುಮಾರ್ ಇಬ್ರ ಸಹಿ ಇರೋ ಕಾರ್ಡು ಮನೆಗೆ ಬಂತು. ಮೇ 10ಕ್ಕೆ ಮತದಾನ ಆಗೋ ಹೊತ್ತಿಗೆ ಐದೂ ಹೆಸರು ಬಾಯಿಪಾಠ ಆಗಿತ್ತು.

ಬಿಜೆಪಿನೂ ಕೊಡ್ತೀವಿ ಅಂದ್ರು ಕಣ್ರೀ, ವರ್ಷಕ್ಕೆ ಮೂರು ಸಿಲಿಂಡರ್, ದಿನಾ ಅರ್ಧ ಲೀಟರ್ ನಂದಿನಿ ಹಾಲು. ಅದು ಬಂದಿದ್ದು ಮೇ 1ಕ್ಕೆ, ಪ್ರಣಾಳಿಕೆ ಒಳಗೆ. ಉಳಿದಿದ್ದು ಒಂಬತ್ತು ದಿನ. ಸಿಲಿಂಡರ್ ರೇಟು ಸಾವಿರ ದಾಟಿದ್ದಾಗ ಹೆಂಗಸರು ಏನು ಯೋಚ್ನೆ ಮಾಡ್ತಿದಾರೆ ಅಂತ ಅದಕ್ಕಿಂತ ಮುಂಚೆ ಯಾರಾದ್ರೂ ಮನೆ ಬಾಗಿಲಿಗೆ ಬಂದು ಕೇಳಿದ್ರಾ?

ಇನ್ನೊಂದು ವಿಷಯ, 2000 ರೂಪಾಯಿನ ಮನೆಯೊಡತಿ ಖಾತೆಗೇ ಹಾಕ್ತೀವಿ ಅಂದಿದ್ದು ಸಣ್ಣ ವಿಷಯ ಅಲ್ಲ. ಮನೆಗೆ ಬರೋ ದುಡ್ಡು ಬೇರೆ, ನನ್ನ ಹೆಸರಿಗೆ ಬರೋ ದುಡ್ಡು ಬೇರೆ, ಇದು ಗಂಡಸರಿಗೆ ಹೇಳಿದ್ರೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕು. ಬಸ್ಸಿಗೆ ದುಡ್ಡು ಕೇಳ್ದೆ ತವರಿಗೋ ಆಸ್ಪತ್ರೆಗೋ ಹೋಗೋದೂ ಅಷ್ಟೆ.

ಆದ್ರೆ ಗ್ಯಾರಂಟಿ ಕೊಟ್ಟೋರೇ ಯಾವಾಗ್ಲೂ ಗೆಲ್ತಾರೆ ಅಂತನೂ ಅಲ್ಲ. ಫ್ರೀ ಬಸ್ಸಿನ ಶಕ್ತಿ ಯೋಜನೆ 2023ರ ಜೂನ್ 11ಕ್ಕೇ ಶುರು ಆಗಿತ್ತು, ಗೃಹಲಕ್ಷ್ಮಿಯ ಆ 2000 ದುಡ್ಡೂ ಬರ್ತಿತ್ತು, ಆದ್ರೂ 2024ರ ಲೋಕಸಭೆಯಲ್ಲಿ 28ರಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು 9. ಹೆಂಗಸರು ದಿಲ್ಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಒಂದು ಲೆಕ್ಕ ಅಂತ ಯೋಚ್ನೆ ಮಾಡಿ ವೋಟು ಹಾಕ್ತಾರೆ, ದುಡ್ಡು ಕೊಟ್ರೆ ಸಾಕು ಅನ್ಕೊಂಡೋರು ನಮ್ಮನ್ನ ಕಡಿಮೆ ಅಂದಾಜು ಮಾಡ್ತಿದಾರೆ.

ಕಡಲತಡಿ:

ನಮ್ಮ ಕರಾವಳಿಯವರದ್ದೂ ಸ್ವಲ್ಪ ಕೇಳಿ ಮಾರಾಯ್ರೆ. 2023ರಲ್ಲಿ ರಾಜ್ಯ ಪೂರ ಬಿಜೆಪಿಗೆ ಕಷ್ಟ ಇದ್ದಾಗಲೂ ಉಡುಪಿಯ 5ಕ್ಕೆ 5, ದಕ್ಷಿಣ ಕನ್ನಡದ 8ರಲ್ಲಿ 6 ಅವರೇ ಗೆದ್ದದ್ದು. ಉಡುಪಿಯ ಐದರಲ್ಲಿ ನಾಲ್ಕು ಕಡೆ ಹಾಲಿ ಶಾಸಕರನ್ನ ಬಿಟ್ಟು ಹೊಸಬರನ್ನ ನಿಲ್ಲಿಸಿದ್ರು, ಆದರೂ ಗೆದ್ದರು. ಅದೇ ಪ್ರಯೋಗ ಬೇರೆ ಕಡೆ ನಡೆಯಲಿಲ್ಲ ಅಲ್ವಾ? ಯಾಕೆ ಅಂದ್ರೆ ಇಲ್ಲಿ ಸಂಘಟನೆ ಉಂಟು, ಅಭ್ಯರ್ಥಿ ಯಾರೇ ಆಗಲಿ ಬೂತ್ ಅಧ್ಯಕ್ಷ, ಪೇಜ್ ಪ್ರಮುಖ್ ಅಂತ ಕೆಲಸ ಮಾಡುವವರು ವರ್ಷ ಪೂರ್ತಿ ಇರ್ತಾರೆ. ವೋಟರ್ ಲಿಸ್ಟಿನ ಒಂದು ಪುಟಕ್ಕೆ ಒಬ್ಬ, ಆ ಪುಟದ ಮನೆಗಳಲ್ಲಿ ಯಾರು ಊರಲ್ಲಿ ಇದ್ದಾರೆ ಯಾರು ಮುಂಬೈಯಲ್ಲಿ ಯಾರು ಗಲ್ಫಲ್ಲಿ ಅಂತ ಅವನಿಗೆ ಗೊತ್ತುಂಟು. ಇದು ಎರಡು ತಿಂಗಳಲ್ಲಿ ಕಟ್ಟುವ ವಿಷಯ ಅಲ್ಲ, ದಶಕಗಳ ಕೆಲಸ. ಕಾಂಗ್ರೆಸ್ ಇಲ್ಲಿ ಕಮ್ಮಿ ಬೀಳುವುದು ಅಲ್ಲಿಯೇ ಅಂತ ನನಗೆ ಕಾಣ್ತದೆ.

ಆದ್ರೆ ಬಿಜೆಪಿಯವರು ಮಾಡಿದ ತಪ್ಪು ಅಂದ್ರೆ ಕರಾವಳಿಯಲ್ಲಿ ವೋಟು ತಂದ ಹಿಂದುತ್ವದ ವಿಷಯವನ್ನೇ ಮಂಡ್ಯಕ್ಕೆ ತಗೊಂಡು ಹೋದದ್ದು. ಟಿಪ್ಪುವನ್ನು ಕೊಂದದ್ದು ಉರಿಗೌಡ, ನಂಜೇಗೌಡ ಅನ್ನುವ ಇಬ್ಬರು ಒಕ್ಕಲಿಗರು ಅಂತ ಶುರು ಮಾಡಿದ್ರಲ್ಲ, ಕಡೆಗೆ ಒಕ್ಕಲಿಗರ ಮಠ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರೇ ಆಧಾರ ಇಲ್ಲದ್ದನ್ನು ಮುಂದುವರಿಸಬೇಡಿ ಅಂದ ಮೇಲೆ ನಿಲ್ಲಿಸಬೇಕಾಯ್ತು. ಒಕ್ಕಲಿಗ ರೈತನಿಗೆ ಕಬ್ಬಿನ ರೇಟು, ಕಾವೇರಿ ನೀರು, ಮೈಶುಗರ್ ಫ್ಯಾಕ್ಟರಿ ಇದೆಲ್ಲ ಮುಖ್ಯ. ಕಾಂಗ್ರೆಸ್ ಅಲ್ಲಿ ಜಾಗ್ರತೆ ಮಾಡಿ ಸರ್ಕಾರಿ ಕಾಮಗಾರಿಯಲ್ಲಿ 40% ಕಮಿಷನ್ ಅನ್ನುವ ಆರೋಪ, ಬೆಲೆ ಏರಿಕೆ, ಗ್ಯಾರಂಟಿ, ಇಷ್ಟನ್ನೇ ಹಿಡ್ಕೊಂಡಿತು, ಏಪ್ರಿಲಲ್ಲಿ ಅಮುಲ್ ನಂದಿನಿ ಗಲಾಟೆ ಬಂದಾಗ ಹಾಲು ಹಾಕುವ ರೈತರ ಪರ ಕೂಡ್ಲೇ ಮಾತಾಡಿತು. ಎರಡು ಪಕ್ಷಕ್ಕೂ ಒಂದೇ ಮಾತು ಹೇಳ್ತೇನೆ, ಒಂದು ಕಡೆ ಗೆದ್ದ ಮಾತನ್ನು ಇನ್ನೊಂದು ಕಡೆ ಹಾಗೆಯೇ ಹೇಳಿದ್ರೆ ಕೇಳುವವರಿಲ್ಲ.

ಬಯಲುಸೀಮೆ ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಸಿಗುತ್ತೆ ಅನ್ಕೊಂಡಿರ್ಲಿಲ್ಲ. ಮೇಡಂ, ನಿಮ್ಮ ದಿನಾಂಕದ ಲೆಕ್ಕ ನಾನು ಯೋಚ್ನೆನೇ ಮಾಡದ ಕೋನ. ಎರಡು ಉಪಪ್ರಶ್ನೆ. ಒಂದು, ಈಗ ಬಿಜೆಪಿ ಜೆಡಿಎಸ್ ಕೂಡಿದಾರೆ, 36ಕ್ಕೆ 13 ಸೇರ್ಸಿದ್ರೆ 49 ಆಗುತ್ತೆ, ಇದು ಅಷ್ಟು ಸುಲಭನಾ? ಎರಡು, ಸಣ್ಣ ಪಕ್ಷ, ಹೊಸ ಪಕ್ಷಗಳಿಗೆ ಇಲ್ಲಿ ದಾರಿನೇ ಇಲ್ವಾ?

ಕಬ್ಬಿನ ಗದ್ದೆ:

ಮಂಡ್ಯದೋನು ನಾನು, ಮೊದಲನೇದಕ್ಕೆ ಹೇಳ್ತೀನಿ ಕೇಳಪ್ಪ. ಕೂಡಿಸೋ ಲೆಕ್ಕ ಲೋಕಸಭೇಲಿ ನಡೀತು, 2024ರಲ್ಲಿ ಬಿಜೆಪಿ 17, ಜೆಡಿಎಸ್ 2 ಬಂತು, ಜೆಡಿಎಸ್‌ನ ಕುಮಾರಣ್ಣ (ಎಚ್.ಡಿ. ಕುಮಾರಸ್ವಾಮಿ) ಇಲ್ಲಿ ದೊಡ್ಡದಾಗೇ ಗೆದ್ರು, ಬೆಂಗಳೂರು ಗ್ರಾಮಾಂತರದಲ್ಲಿ ಡಾಕ್ಟರ್ ಮಂಜುನಾಥ್ ಅವ್ರು ಡಿ.ಕೆ. ಸುರೇಶ್ ಅವ್ರನ್ನ ಸೋಲಿಸಿದ್ರು. ಅದೇ ವರ್ಷ ನವೆಂಬರ್‌ನಲ್ಲಿ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಉಪಚುನಾವಣೆ ಬಂತು, ಮೂರೂ ಕಾಂಗ್ರೆಸ್‌ಗೆ ಹೋಯ್ತು. ಚನ್ನಪಟ್ಟಣ ಕುಮಾರಣ್ಣನ ಸ್ವಂತ ಕ್ಷೇತ್ರ ಕಣಪ್ಪ. ಸಿ.ಪಿ. ಯೋಗೇಶ್ವರ್ ಟಿಕೆಟ್ ಸಿಗಲ್ಲ ಅಂತ ಗೊತ್ತಾಗಿದ್ದೇ ಬಿಜೆಪಿ ಬಿಟ್ಟು ಕಾಂಗ್ರೆಸ್‌ಗೆ ಹೋಗಿ ಗೆದ್ದುಬಿಟ್ರು.

ಯಾಕೆ ಅಂದ್ರೆ ಮೇಲೆ ಕೈ ಕುಲುಕಿದ್ರೆ ಕೆಳಗೆ ಕುಲುಕಲ್ಲ. ಊರಲ್ಲಿ ಸೊಸೈಟಿ ಎಲೆಕ್ಷನ್ನು, ಡೈರಿ ಎಲೆಕ್ಷನ್ನು, ಗ್ರಾಮ ಪಂಚಾಯ್ತಿ ಅಂತ ಇವರಿಬ್ರೇ ಎದುರುಬದುರು ನಿಂತು ಬಂದೋರು, ಒಬ್ರ ಮೇಲೊಬ್ರು ಕೇಸು ಹಾಕ್ಕೊಂಡೋರು. ದಿಲ್ಲಿ ಎಲೆಕ್ಷನ್‌ಗೆ ಮೋದಿ ಅಂತ ಒಟ್ಟಿಗೆ ಹಾಕ್ತಾರೆ, ಎಂಎಲ್ಎ ಅಂತ ಬಂದಾಗ ನಾಳೆ ಪೊಲೀಸ್ ಸ್ಟೇಷನ್‌ಗೆ, ತಾಲೂಕು ಆಫೀಸ್‌ಗೆ ಯಾರ ಮಾತು ನಡೆಯುತ್ತೆ ಅಂತ ನೋಡ್ತಾರೆ. ನಮ್ಮೂರ ಕಡೆ ಗೆಲ್ಬೇಕು ಅಂದ್ರೆ ಮೊದ್ಲು 224 ಕ್ಷೇತ್ರ ಹಂಚ್ಕೊಳ್ಳೋದು ಮುಗೀಬೇಕು, ಟಿಕೆಟ್ ಸಿಗದೋನಿಗೆ ಏನು ಅಂತ ಎರಡು ವರ್ಷ ಮುಂಚೆನೇ ತೀರ್ಮಾನ ಆಗಿರ್ಬೇಕು. ಕೊನೇ ತಿಂಗಳಲ್ಲಿ ಹಂಚಿದ್ರೆ ಇನ್ನೊಬ್ಬ ಯೋಗೇಶ್ವರ್ ಎದ್ದೇ ಏಳ್ತಾನೆ.

ಎಣಿಕೆ ಟೇಬಲ್:

ಎರಡನೇದಕ್ಕೆ ನಾನು. ಆಮ್ ಆದ್ಮಿ 2023ರಲ್ಲಿ ಇನ್ನೂರರ ಆಸುಪಾಸು ಕ್ಷೇತ್ರದಲ್ಲಿ ನಿಂತು ಒಂದೂ ಗೆಲ್ಲಲಿಲ್ಲ. ಅದೇ ಚುನಾವಣೇಲಿ ಸರ್ವೋದಯ ಮೇಲುಕೋಟೆ ಗೆದ್ತು, ಜನಾರ್ದನ ರೆಡ್ಡಿ ಅವ್ರ ಪಕ್ಷ ಗಂಗಾವತಿ ಗೆದ್ತು. ಸಣ್ಣ ಪಕ್ಷ ರಾಜ್ಯದ ತುಂಬ ಹರಡೋಕೆ ಹೋಗ್ಲೇಬಾರದು, ಒಂದು ತಾಲೂಕಲ್ಲಿ ಹತ್ತು ವರ್ಷ ರೈತರ ಜೊತೆಗೋ ಕಾರ್ಮಿಕರ ಜೊತೆಗೋ ಇದ್ದು ಅಲ್ಲಿಂದ ಬೆಳೀಬೇಕು.

ಅದಕ್ಕೆ ಮೊದಲ ಮೆಟ್ಟಿಲು ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿ, ನಗರಪಾಲಿಕೆ. ನನಗೆ ಎಲ್ಲಕ್ಕಿಂತ ನೋವಾಗೋದು ಇಲ್ಲಿ. ಜಿಲ್ಲಾ, ತಾಲೂಕು ಪಂಚಾಯ್ತಿಗೆ ಚುನಾವಣೆ ಆಗಿದ್ದು 2016ರಲ್ಲಿ, ಅವಧಿ ಮುಗಿದಿದ್ದು 2021ರಲ್ಲಿ, ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲೇ ಬಿಟ್ರು. ಬೆಂಗಳೂರು ಪಾಲಿಕೆಗೆ ಆಗಿದ್ದು 2015ರಲ್ಲಿ, ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ, ಅಲ್ಲೂ ಅದೇ ಕಥೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಬಿಜೆಪಿ ಸರ್ಕಾರನೂ ಮುಂದೆ ಹಾಕ್ತು, ಕಾಂಗ್ರೆಸ್ ಸರ್ಕಾರನೂ ಮುಂದೆ ಹಾಕ್ತು. ಶಾಸಕರಿಗೆ ಕೆಳಗೆ ಇನ್ನೊಬ್ಬ ನಾಯಕ ಬೆಳೆಯೋದು ಬೇಕಾಗಿಲ್ಲ. ಆದ್ರೆ ಪಕ್ಷಕ್ಕೆ ಬೇಕು, ಜಿಲ್ಲಾ ಪಂಚಾಯ್ತಿ ಮೆಂಬರ್ ಆಗಿ ಐದು ವರ್ಷ ಊರೂರು ತಿರುಗಿದೋರೇ ನಾಳೆ ಗೆಲ್ಲೋ ಅಭ್ಯರ್ಥಿ, ಅವ್ರೇ ಇಲ್ದಿದ್ರೆ ಶಾಸಕರ ಮಗನಿಗೋ ದುಡ್ಡಿರೋ ಗುತ್ತಿಗೆದಾರನಿಗೋ ಟಿಕೆಟ್ ಕೊಡ್ಬೇಕಾಗುತ್ತೆ.

ನೀವು ನಂಬರ್ ನೋಡೋರು ತಾನೆ, ನಿಮ್ಮ ಕ್ಷೇತ್ರದ 2013, 2018, 2023ರ ಫಾರ್ಮ್ 20 ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಲ್ಲಿ ಹುಡುಕಿ. ಬೂತ್ ನಂಬರ್ ಬದಲಾಗಿರ್ತವೆ, ಹಂಗಾಗಿ ನಂಬರ್ ಬದಲು ಊರಿನ ಹೆಸರು, ಶಾಲೆ ಹೆಸರು ಇಟ್ಕೊಂಡು ಹೊಂದಿಸಿ. ಎಲ್ಲಿ ಸಿಕ್ಕಾಕೊಂಡ್ರೂ ಇಲ್ಲೇ ಕೇಳಿ, ಕೂತು ನೋಡೋಣ.